ಏಳು

ಆ ವಾರ ಹೆಟ್ಟಿಯ ಮನೆಗೆ ಬೆಲ್ಲು ಒತ್ತುವಂತಿರಲಿಲ್ಲ.
ಕದ ದೂಡಿ ಒಳಗೆ ಬಾ,
ಅವಳಾಗಿ ಮಾತಾಡುವವರೆಗೆ ಸುಮ್ಮನಿರು,
ಬೇಕರಿಯವಳು ಹೇಳಿಕೊಟ್ಟಿದ್ದಳು ನನಗೆ.
ಲೀಡ್ಸಿನ ಮಾರ್ಚ್ ತಿಂಗಳು. ಒದ್ದೆ ಕೊಡೆಗಳ ಸಾಲು.

ಹಜಾರದ ಕನ್ನಡಿಗೆ ಮೇಜುಬಟ್ಟೆ ಹೊದೆಸಿದ್ದರು.
ಅದರಂಚು ನಾನೇ ಹೊಲಿದದ್ದು. ಒಂದು ಕಡೆ ಡೊಂಕು.
ಅವತ್ತು ಮುದುಕ ಲುಬೆಲ್ಸ್ಕಿ ಕನ್ನಡಕದ ಮೇಲಿಂದ ನೋಡಿ
ಬರೀ ‘ಹೂಂ’ ಅಂದಿದ್ದ.
ಹನ್ನೊಂದು ವರ್ಷ ಅವನಂಗಡಿಯಲ್ಲಿ
ಊರವರ ಪ್ಯಾಂಟು ಗಿಡ್ಡ ಮಾಡಿದ್ದೇನೆ;
ಬೈದರೂ ಹೂಂ, ಹೊಗಳಿದರೂ ಹೂಂ.

ಮಣೆಗಿಂತ ತುಸುವೇ ಎತ್ತರದ ಕುರ್ಚಿಯಲ್ಲಿ ಮಗಳು.
ಎಡಗಡೆ, ಎದೆಯ ಮೇಲೆ, ಹರಿದ ಸ್ವೆಟರು:
ಮಣ್ಣಿಗೆ ಮುಂಚೆ ರಬ್ಬಿ ಬ್ಲೇಡಿನಲ್ಲಿ ಗೀರಿದ್ದು ಒಂದಿಷ್ಟು,
ಮಿಕ್ಕದ್ದು ಅವಳೇ ಹರಿದುಕೊಂಡದ್ದು.
ನೂಲು ಜೋತಾಡುತ್ತಿತ್ತು.
ನನ್ನ ಚೀಲದಲ್ಲಿ ಸೂಜಿ ಇತ್ತು, ಅದೇ ಬೂದು ದಾರ ಕೂಡ.
ಬೆರಳು ಸುಮ್ಮನಿರದೆ
ಬೇಯಿಸಿದ ಮೊಟ್ಟೆ ಸುಲಿಯುತ್ತಾ ಕೂತೆ.

ಸಂಜೆ ಗಂಡಸರ ಲೆಕ್ಕ. ಒಂಬತ್ತಕ್ಕೇ ನಿಂತಿತು.
ಯಾರೋ ಓಡಿ, ರಸ್ತೆಯಾಚೆ ಕಾರು ತೊಳೆಯುತ್ತಿದ್ದವನನ್ನು
ಒದ್ದೆ ತೋಳಿನಲ್ಲೇ ಎಳೆತಂದರು.
ಸತ್ತವನ ಹೆಸರು ಅವನಿಗೆ ಗೊತ್ತಿರಲಿಲ್ಲ.
ಆಮೆನ್ ಎಲ್ಲೆಲ್ಲಿ ಅನ್ನಬೇಕೆಂದು ಗೊತ್ತಿತ್ತು.
ಸಾಕಾಯಿತು.

‘ಶಿವಾ ಅಂದರೆ ಏಳು. ನಿಮ್ಮ ದೇವರಲ್ಲ, ಬರೀ ಲೆಕ್ಕ’
ಅಂದಳು ಹೆಟ್ಟಿ, ಐದನೆಯ ದಿನ, ಅರ್ಧ ನಕ್ಕು.
ನಮ್ಮ ಮಾತಿನಲ್ಲಿ ಏಳು ಅಂದರೆ
ಇನ್ನೊಂದೂ ಇದೆ ಎಂದು ನಾನು ಹೇಳಹೋಗಲಿಲ್ಲ.

ಏಳನೆಯ ಬೆಳಿಗ್ಗೆ ರಬ್ಬಿಯೇ ಹೇಳಿದ.
ಎದ್ದಳು. ಮಂಡಿ ಲಟಕ್ ಅಂದಿತು.
ಬೂಟು ಹಾಕಿ ಬೀದಿಗೊಂದು ಸುತ್ತು ಬಂದೆವು:
ಅಂಚೆಪೆಟ್ಟಿಗೆ, ಕಸದ ಡಬ್ಬಿಗಳು, ಶಟರೆಳೆದ ನಮ್ಮಂಗಡಿ,
ನಾಯಿಗೆ ಹೆದರುವ ಇನ್ನೊಂದು ನಾಯಿ.
ಅಷ್ಟೇ. ಲೋಕ ಇದ್ದಲ್ಲೇ ಇತ್ತು.

ತಿಂಗಳು ಕಳೆದು ಸ್ವೆಟರು ತಂದಳು.
‘ಪೂರ್ತಿ ಹೊಲಿಯಬೇಡ,
ಹೆತ್ತವರಿಗೆಂದು ಹರಿದದ್ದು ಪೂರ್ತಿ ಕೂಡಬಾರದು.
ಟಾಕು ಹಾಕು ಸಾಕು. ಕಾಣುವ ಹಾಗೆ.’

ಕಾಣದ ಹಾಗೆ ಹೊಲಿಯುವುದನ್ನೇ ಕಲಿತ ಕೈ
ತಡವರಿಸಿತು, ಮೊದಲ ದಿನದ ಹಾಗೆ.
ದೊಡ್ಡ ಟಾಕು, ಸೊಟ್ಟ ಟಾಕು, ಹಾಕುತ್ತಾ ಹೋದೆ.
ಕತ್ತರಿ ಎದುರಿಗೇ ಇದ್ದರೂ ಹಲ್ಲಲ್ಲಿ ದಾರ ಕಡಿದೆ,
ಅವನಿದ್ದರೆ ಬೈಯುತ್ತಿದ್ದ.

ಹೆಟ್ಟಿ ಬೆಳಕಿಗೆ ಹಿಡಿದಳು. ಕನ್ನಡಕದ ಮೇಲಿಂದ ನೋಡಿ
ಹೂಂ, ಅಂದಳು.

ಆಮೇಲೆ ಬಾಗಿಲ ಗಂಟೆ. ಯಾರದೋ ಪ್ಯಾಂಟು.
ನಾಳೆಗೇ ಬೇಕಂತೆ.