ಕ್ಯಾಸೆಟ್ಟಿನ ಹಲ್ಲು

ರಾಯಚೂರಿನ ತೀನ್ ಕಂದೀಲ್ ಹಿಂದೆ, ಬಳೆ ಅಂಗಡಿಗೂ
ಸ್ಟೋವ್ ರಿಪೇರಿಯವನಿಗೂ ನಡುವೆ
ಅಬ್ಬಾ ಬಿಟ್ಟುಹೋದ ಆರಡಿ ಜಾಗ ನನ್ನದು.
ಈಗ ಮೊಬೈಲ್ ಗ್ಲಾಸು, ಚಾರ್ಜರ್ ವೈರು.
ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದೆ ಜೋಡಿ ಬಾಯಿಯ ಡೆಕ್ಕು,
ಒಂದು ಬಾಯಿ ಹಾಡಲು, ಇನ್ನೊಂದು ಕಲಿಯಲು.

ಮೂರರ ಬಿಸಿಲಿಗೆ ಡೇವಿಡಪ್ಪ ಬಂದರು.
ಮೂವತ್ತೊಂದು ವರ್ಷ ಗುಂತಕಲ್ಲಿಂದ ವಾಡಿಯ ತನಕ
ಟಿಕೀಟಿಲ್ಲದವರ ಮುಖ ಓದಿದ ಕಣ್ಣು.
ಕರವಸ್ತ್ರದ ಗಂಟು ಬಿಚ್ಚಿದರು: ಒಂದು ಕ್ಲಾರಿಯೋನೆಟ್ ಕ್ಯಾಸೆಟ್ಟು,
ಡಬ್ಬಿಯೊಳಗೆ ನಾಲ್ಕು ಮಡಿಕೆಯ ಬಿಲ್ಲು,
ಇಪ್ಪತ್ತೆರಡು ರೂಪಾಯಿ. ಶಾಯಿ ಅಳಿಸಿದೆ, ಆ ಅಂಗಡಿಯೂ.

"ಇದು ನಂದು. ರೊಕ್ಕ ಕೊಟ್ಟು ತಗೊಂಡದ್ದು.
ಪೆನ್ ಡ್ರೈವಿಗೆ ಇಳಿಸಿಕೊಂಡರ ತಪ್ಪೇನಮ್ಮ, ಕಾಯ್ದೆ ಪ್ರಕಾರ?"

ನಗು ಬಂತು.
ಇಪ್ಪತ್ತು ರೂಪಾಯಿಗೆ ಕಾರ್ಡ್ ತುಂಬಿಸಿಕೊಂಡು ಲಾರಿ ಹತ್ತಿದವರು
ಒಬ್ಬರೂ ಕೇಳದ ಪ್ರಶ್ನೆ.
ಅವರು ನಗಲಿಲ್ಲ.
"ಒಂದು ಟಿಕೀಟಿಗೆ ಒಂದ ಪ್ರಯಾಣ ಅಂತ
ಎಷ್ಟು ಮಂದೀನ ಮಟಮಾರಿಯಾಗ ಇಳಿಸೀನಿ ನಾನು.
ಈಗ ನಾನ ಬರಿಗೈಲೆ ಹತ್ತಲಾ?"

ಕ್ಯಾಸೆಟ್ಟಿನ ಬೆನ್ನು ತಿರುಗಿಸಿ ನೋಡಿದೆ. ಎರಡು ಗುಳಿ.
ಕಂಪನಿಯವರು ಹಲ್ಲು ಮುರಿದೇ ಮಾರುತ್ತಿದ್ದರು,
ಮೇಲೆ ಬೇರೇನೂ ತುಂಬದಿರಲಿ ಎಂದು.
ನನಗೆ ಕಾಯ್ದೆ ಅಂದರೆ ಮೊದಲು ಅಷ್ಟೇ, ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ಕು.
ಬೀಡಿಕಟ್ಟಿನ ಕಾಗದ ತುರುಕಿ ಅಬ್ಬಾ ಅದನ್ನು ದಾಟುತ್ತಿದ್ದ.
ಇವರದರಲ್ಲಿ ಒಂದು ಗುಳಿ ಖಾಲಿ,
ಇನ್ನೊಂದರಲ್ಲಿ ಹಳದಿ ರಟ್ಟಿನ ಚೂರು.

ಆಮೇಲೊಂದು ದಿನ ಖಾಕಿ ಬಂತು.
ಪಂಚನಾಮೆಯಲ್ಲಿ ಹಾಡಿನ ಹೆಸರಿರಲಿಲ್ಲ,
"ಕ್ಯಾಸೆಟ್ಟು ಮುನ್ನೂರ ಹದಿನಾರು" ಎಂದಿತ್ತು.
ನಾಲ್ಕು ವರ್ಷಕ್ಕೆ ಡೆಕ್ಕು ತಿರುಗಿ ಬಂದಾಗ ಕಲಿಯುವ ಬಾಯಿ ಕಟ್ಟಿತ್ತು.

ಅಬ್ಬಾ ಅನ್ನುತ್ತಿದ್ದ: ಹೆಪ್ಪು ಕೊಟ್ಟರೆ ಕೊಟ್ಟವರ ಗಡಿಗೆ ಬರಿದಾಗದು.
ಅಮ್ಮಿ ಅನ್ನುತ್ತಿದ್ದಳು: ಎಲ್ಲರೂ ಹೆಪ್ಪೇ ಕೇಳಿದರೆ
ಎಮ್ಮೆ ಸಾಕುವವರು ಯಾರು?
ಇಬ್ಬರದೂ ಖರೆ ಅನ್ನಿಸಿ ನಾನು ಎಂಟಕ್ಕೇ ಸಾಲಿ ಬಿಟ್ಟೆ.

ಚಹಾದಂಗಡಿಯ ಬೆಂಚಿನಲ್ಲಿದ್ದ ವಕೀಲ ಪಂಪಯ್ಯ ಹೇಳಿದ:
"ತನಗ ತಾನ ಮಾಡಿಕೊಂಡರ ಒಂದು ಮಾತು,
ನೀ ರೊಕ್ಕ ತಗೊಂಡು ಮಾಡಿಕೊಟ್ಟರ ಇನ್ನೊಂದು.
ಎರಡಕ್ಕೂ ವಾದ ಮಾಡಬಹುದು."
ತನ್ನ ಚಹಾ ನನ್ನ ಲೆಕ್ಕಕ್ಕೆ ಬರೆಸಿ ಹೋದ.

ನಾನು ವೈರು ಜೋಡಿಸಿ, ಸ್ಟೂಲು ಬಿಟ್ಟು ಎದ್ದೆ.
"ನೀವ ಒತ್ತರಿ."
ಬೆರಳು ಗುಂಡಿಯ ಮೇಲೆ ನಿಂತಿತು.
ಸ್ಕ್ವಾಡ್ ಬರುತ್ತಿದೆಯೇನೋ ಎಂಬಂತೆ ಓಣಿಯ ಎರಡೂ ಕಡೆ ನೋಡಿ
ಒತ್ತಿದರು.

ಹಾಡು ಇಳಿಯಲು ಹಾಡಿನಷ್ಟೇ ಹೊತ್ತು ಬೇಕು.
ಕೂತೆವು. ಸ್ಟೋವ್‌ನವನ ಸುತ್ತಿಗೆ ತಾಳ ತಪ್ಪುತ್ತಿತ್ತು.
ಎರಡನೇ ಮಗ್ಗುಲಲ್ಲಿ, ರಾಗ ಇನ್ನೇನು ಮೇಲೇರಬೇಕು,
ಟಕ್.
ದೂರದ ಗೂಡ್ಸ್ ಗಾಡಿ. ಕುಕ್ಕರಿನ ಅರ್ಧ ಸೀಟಿ. ಹೆಣ್ಣು ದನಿ:
"ಹತ್ತಕ್ಕ ನಾಕು ಕೊಡು, ಇಲ್ಲಾಂದ್ರ
ನಿನ್ನ ಸೀತಾಫಲ ನೀನ ತಿನ್ನು."
ಟಕ್.
ಮತ್ತೆ ಕ್ಲಾರಿಯೋನೆಟ್, ಏನೂ ಆಗದ ಹಾಗೆ.

"ನಮ್ಮ ಹುಡುಗಿ ಎರಡೂ ಗುಂಡಿ ಒಮ್ಮೆಲೇ ಒತ್ತಿದ್ದಳು," ಅಂದರು.
"ಹೊಡೆದಿದ್ದೆ."
ರಟ್ಟಿನ ಚೂರನ್ನು ಪಿನ್ನಿನಿಂದ ಎಬ್ಬಿಸಿದೆ:
ಹಳೇ ರೈಲು ಟಿಕೀಟಿನ ಮೂಲೆ, ಅರ್ಧ ತೂತು.
ಯಾರು ತುರುಕಿದ್ದೆಂದು ನಾನು ಕೇಳಲಿಲ್ಲ,
ಅವರೂ ಹೇಳಲಿಲ್ಲ.

ಬಿಲ್ಲು ಬೇಕೇ ಬೇಕೆಂದರು.
"ಪೆನ್ ಡ್ರೈವ್ ಒಂದು" ಎಂದು ಬರೆದೆ.
"ಆ ಹನ್ನೊಂದು ಸೆಕೆಂಡಿಂದು?"
"ಅದು ಕಂಪನೀದಲ್ರಿ, ನಿಮ್ದು."

ಡೇವಿಡಪ್ಪ ಬಿಲ್ಲು ಮಡಚಿದರು, ನಾಲ್ಕು ಮಡಿಕೆ.
"ನಂದ್ಯಾಕ? ಅದು ಆಕೀದು. ಕೇಳಲಾರದ ತಗೊಂಡೀವಿ.
ಮನಿಗೆ ಹೋಗಿ ಕೇಳ್ತೀನಿ, ಹೂಂ ಅಂದರ ನಾಳೆ ಬರ್ತೀನಿ."

ರೊಕ್ಕ ಎಣಿಸಿ ಕೊಟ್ಟು,
ಪೆನ್ ಡ್ರೈವು ಗಾಜಿನ ಮೇಲೆ ಬಿಟ್ಟು,
ಬಿಸಿಲಿಗೆ ಕರವಸ್ತ್ರ ಹಾಕಿಕೊಂಡು ನಡೆದರು.