ಕಾಣೆ

ಪೂರ್ವಕ್ಕೆ ರೈಲು ಸೇತುವೆ, ಪಶ್ಚಿಮಕ್ಕೆ ಕಡಲು,
ಉತ್ತರಕ್ಕೆ ಶಿರಿಯದ ಕಡವು, ದಕ್ಷಿಣಕ್ಕೆ
ಈ ವರ್ಷ ಇದ್ದು ಮುಂದಿನ ಮಳೆಗೆ ಇಲ್ಲವಾಗುವ
ಒಂದು ಮರಳ ದಿಬ್ಬ.
ಈ ಚಕ್ಕುಬಂದಿಯೊಳಗೆ ಮೊಣಕಾಲು ನೀರು,
ನೀರಿನಲ್ಲಿ ನಾನು, ಎತ್ತಿ ಕಟ್ಟಿದ ಲುಂಗಿ,
ಭಾನುವಾರ, ಬೆಳಗಿನ ಇಳಿತ.

ಉಳಿದ ಆರು ದಿನ ಉಪ್ಪಳದ ಕಚೇರಿಯ ಎದುರು ಕೂತು
ಪರರ ಜಾಗಕ್ಕೆ ಗಡಿ ಬರೆಯುವವನು.
ಒಂದು ಸೆಂಟ್ಸ್ ತಪ್ಪಿದರೆ ಅಣ್ಣತಮ್ಮ ಕೋರ್ಟಿಗೆ.
ಇಲ್ಲಿ ಗಡಿಯೆಂದರೆ ಬಲೆ:
ಒಂದು ತುದಿ ಅಂದುಂಞಿಯ ಕೈಯಲ್ಲಿ,
ಇನ್ನೊಂದು ದೇಜಪ್ಪ ಭಾವನ ಸೊಂಟದಲ್ಲಿ.
ಸುತ್ತಿ ಬಂದರು. ಎಳೆದು ನೋಡಿದೆ. ಎರಡು ಏಡಿಮರಿ.
"ಏನೂ ಇಲ್ಲ ಭಾವ."
"ಇಲ್ಲ ಅಲ್ಲ ಮಾರಾಯ, ಕಾಣೆ."

ಬಲೆಯ ನೆರಳು ತಾಗಿದ್ದೇ ತಡ
ಮೂಗು ಚುಚ್ಚಿ ಮರಳಿಗಿಳಿಯುವ ಜಾತಿ ಅದು.
ಅಂದುಂಞಿಯ ಬಾಯಲ್ಲಿ ಪೂಳಾನ್,
ಪೂಳಿಯೊಳಗೆ ಮನೆ ಮಾಡಿದವನು.
ಎರಡು ಭಾಷೆಗೂ ದೂರು ಒಂದೇ:
ಮೀನು ಉಂಟು, ನೋಡಲಿಕ್ಕೆ ಸಿಕ್ಕುವುದಿಲ್ಲ.

"ಕಣ್ಣನ್ನು ಕಾಲಿಗೆ ಇಳಿಸು," ಎಂದ ಭಾವ.
ಅವನ ಕಣ್ಣಿಗೆ ಪೊರೆ ಬಂದು ಎರಡು ವರ್ಷ.
ಮಂಗಳೂರಿಗೆ ಹೋಗುವ ಎಂದರೆ
ಈ ಮೀನಿನ ಕಾಲ ಮುಗಿಯಲಿ ಅನ್ನುತ್ತಾನೆ,
ಒಂದರ ಹಿಂದೆ ಒಂದು ಮೀನಿಗೆ ಕಾಲ ಬರುತ್ತಲೇ ಇರುತ್ತದೆ.

ನಡೆದೆ.
ಚಿಪ್ಪು. ಬೇರು. ಯಾರದೋ ಹವಾಯಿ ಚಪ್ಪಲಿ.
ಮತ್ತೆ ಚಿಪ್ಪು. ಸೇತುವೆಯ ಮೇಲೆ ಗೂಡ್ಸು ಗಾಡಿ ಹೋಯಿತು,
ಅಂಗಾಲಿನಡಿಯ ಮರಳೆಲ್ಲ ಸಣ್ಣಗೆ ನಡುಗಿತು,
ಗಾಡಿ ದಾಟಿದ ಮೇಲೂ ಎಡಗಾಲಿನಡಿ
ಅಂಗುಲದಷ್ಟು ಜಾಗ ನಡುಗುತ್ತಲೇ ಇತ್ತು.

ಅಮ್ಮಾ! ಅರುವತ್ತರ ಹತ್ತಿರದ ಗಂಡಸು ಕೂಗಿದ್ದು ಹಾಗೆ.
ಒತ್ತಿ ನಿಂತೆ. ಬಗ್ಗಿದೆ. ಕಿವಿಯವರೆಗೆ ನೀರು.
ಮರಳಿನಿಂದ ಬಂತು, ಗೇಣುದ್ದ,
ಸುಲಿದ ಈರುಳ್ಳಿಯ ಹೊಳಪು, ಮೊಂಡು ಸಿಟ್ಟು.
ಭಾವನಿಗೆ ಅಷ್ಟರಲ್ಲಿ ಹನ್ನೊಂದಾಗಿತ್ತು.
ನನ್ನದೊಂದನ್ನು ಮುಟ್ಟಿ ನೋಡಿ,
"ಪರವಾಗಿಲ್ಲ," ಎಂದ. ಅಷ್ಟು ಸಾಕಾಯಿತು.

ಕುಸುಮಾಕ್ಷಿ ಕಲ್ಲಿನ ಮೇಲೆ ಉಜ್ಜಿದಳು,
ಬೆಕ್ಕಿಗೆ ಬೈದಳು, ತಲೆ ಅದಕ್ಕೇ ಎಸೆದಳು.
ಬ್ಯಾಡಗಿ, ಹುಣಸೆ, ಅರಸಿನ, ಬೆಳ್ಳುಳ್ಳಿ ಸಿಪ್ಪೆ ಸಹಿತ;
ಅರೆದದ್ದನ್ನು ಮೀನಿಗೆ ಹಚ್ಚುವಾಗ ಅವಳು ಮಾತಾಡುವುದಿಲ್ಲ,
ಮಗುವಿಗೆ ಎಣ್ಣೆ ಹಚ್ಚುವವರ ಹಾಗೆ
ಬೆನ್ನು, ಪಕ್ಕೆ, ಹೊಟ್ಟೆಯ ಸೀಳು.
ಆರು ಕಾವಲಿಗೆ, ತೆಂಗಿನೆಣ್ಣೆಯಲ್ಲಿ.
ಮೂರು ಚಟ್ಟಿಗೆ, ಬಿಂಬುಳಿ ಹಾಕಿ.
ಎರಡು ಅಂದುಂಞಿಯ ಮನೆಗೆ,
ಅವನ ಪಾಲು ಬೇರೆ, ಇದು ಲೆಕ್ಕದ ಹೊರಗೆ.
ಒಂದು ನನ್ನದು. ಅದನ್ನು ಬೇರೆಯೇ ಇಟ್ಟಿದ್ದಳು,
ಗುರುತಿಗೆ ಬಾಲದ ಮೇಲೆ ಒಂದು ಬೇವಿನೆಲೆ.

ಕುಚ್ಚಲಕ್ಕಿ ಗಂಜಿ, ಹಬೆ,
ಕನ್ನಡಕ ತೆಗೆದಿಟ್ಟೆ.
ಹೊರಗೆ ಗರಿ, ಒಳಗೆ ಬಿಳಿ, ಆವಿ ಬಿಡುವ ಸಿಹಿ.
ಭಾವ ಹೆಬ್ಬೆರಳಿನಿಂದ ಒಮ್ಮೆ ನೇವರಿಸಿದ,
ಬೆನ್ನೆಲುಬು ಬಾಚಣಿಗೆಯ ಹಾಗೆ
ಇಡಿಯಾಗಿ ಎದ್ದು ಬಂತು.
ನಾನು ಕಣ್ಣಿದ್ದೂ ಎರಡು ಮುಳ್ಳು ಚುಚ್ಚಿಸಿಕೊಂಡೆ.
ಯಾರೂ ಏನೂ ಹೇಳಲಿಲ್ಲ ಬಹಳ ಹೊತ್ತು.
ಚಟ್ಟಿಯ ತಳ ಕೆರೆಯುವ ಸದ್ದು ಮಾತ್ರ.

ಸೋಮವಾರ ಪಾಲುಪತ್ರಕ್ಕೆ ಬಂದಿದ್ದ
ಬಾಯಿಕಟ್ಟೆಯ ಅಜ್ಜಿಯ ಹೆಬ್ಬೆರಳು ಹಿಡಿದು
ಶಾಯಿಗೆ ಒತ್ತಿದೆ, ಕಾಗದಕ್ಕೆ ಒತ್ತಿದೆ.
ಅಜ್ಜಿ ನನ್ನ ಕೈ ಬಿಡಲಿಲ್ಲ.
ಮೂಗಿನ ಹತ್ತಿರ ಹಿಡಿದು
ಎಪ್ಪತ್ತು ವರ್ಷದ ಅನುಭವದಿಂದ ಮೂಸಿದಳು.
"ಯಾವ ಮೀನು?"
"ಕಾಣೆ."
ಸೆರಗಿನಲ್ಲಿ ಬೆರಳೊರೆಸಿಕೊಂಡು, ದನಿ ತಗ್ಗಿಸಿ,
"ಎಲ್ಲಿ ಸಿಕ್ಕಿತು ಮಗಾ?"
ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ
ಎಲ್ಲ ನಾಲಿಗೆಯ ತುದಿಯಲ್ಲಿತ್ತು.
"ಕಾಣೆ," ಎಂದೆ.