ಲಾಸ್ಟ್ ಸ್ಟಾಪ್

ರಾತ್ರಿ ಹತ್ತೂ ಮುಕ್ಕಾಲು, ಡಿಪೋದ ನಲ್ಲಿ.
ಕಲೆಕ್ಷನ್ ಕಟ್ಟಿಯಾಯ್ತು, ಹತ್ತು ರೂಪಾಯಿ ಕಮ್ಮಿ,
ಕೈಯಿಂದ ಹಾಕಿದೆ.
ಈಗ ಇನ್ನೊಂದು ಲೆಕ್ಕ:
ಇಪ್ಪತ್ನಾಲ್ಕು ಹಲ್ಲು, ಅಷ್ಟೇ ಸ್ಟೀಲಿನ ಚೌಕ,
ಒಂದೊಂದರ ಕೆಳಗೂ ಬಗ್ಗಿ ನೋಡಬೇಕು
ಟಿಕೆಟ್ಟಿಲ್ಲದೆ ಯಾರು ಕೂತಿದ್ದಾರೆ ಅಂತ.

ಇಲ್ಲೊಂದು ಕೊತ್ತಂಬರಿ ಎಲೆ,
ಮಧ್ಯಾಹ್ನ ಹತ್ತಿದ್ದು, ಇನ್ನೂ ಇಳಿದಿಲ್ಲ.
ಹಿಂದಿನ ಮೂಲೆಯಲ್ಲಿ ಅನ್ನದ ಅಗುಳು.
ಇಳೀರಿ ಸ್ವಾಮಿ, ಲಾಸ್ಟ್ ಸ್ಟಾಪು.

ಮೂವತ್ತೊಂಬತ್ತರಲ್ಲಿ ಯಾಕಮ್ಮ ನಿಂಗೆ ಕ್ಲಿಪ್ಪು?
ಡ್ರೈವರ್ ಮುನಿಯಲ್ಲಪ್ಪ ಕನ್ನಡಿಯಲ್ಲೇ ಕೇಳಿದ್ದ.
ಇಷ್ಟು ವರ್ಷ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕವಳು.
ಒಂದು ಕೈಗೆ ಕಂಬಿ, ಒಂದಕ್ಕೆ ಟಿಕೆಟ್ ಮಿಷನ್ನು,
ನಗೋಕೆ ಮೂರನೇ ಕೈ ಎಲ್ಲಿಂದ ತರಲಿ?
ಹೇಳಲಿಲ್ಲ. ರೈಟ್ ಅಂದೆ, ಗಾಡಿ ಹೊರಟಿತು.

ಕಾರ್ಪೊರೇಷನ್ ಸರ್ಕಲ್ಲಿನಲ್ಲಿ ಒಂದು ದಿನ
ವಿಷಲ್ ಊದಿ ತೆಗೆದರೆ ತುದಿಯಲ್ಲಿ ಕೆಂಪು.
ಕುಂಕುಮವೇನೋ ಅಂತ ಒರೆಸಿಕೊಂಡೆ.
ಬಾಯೊಳಗೆ ತುಕ್ಕಿನ ರುಚಿ.

ಡಾಕ್ಟರ್ ತಬಸ್ಸುಮ್ ಬೈಯಲಿಲ್ಲ, ಕನ್ನಡಿ ಕೊಟ್ಟರು.
ವಸಡು ಊದಿ ಹೊಳೆಯುತ್ತಿತ್ತು,
ಹೊಸ ಚಪ್ಪಲಿ ಕಚ್ಚಿದ ಹಿಮ್ಮಡಿಯ ಹಾಗೆ.
‘ತಂತಿ ಎಳೆಯುತ್ತೆ. ಹಿಡ್ಕೊಂಡಿರೋದು ಇದು.
ರಕ್ತ ಬಂತು ಅಂತ ಉಜ್ಜೋದು ಬಿಡಬೇಡಿ,
ಸರಿಯಾಗಿ ಉಜ್ಜದೆ ಬಿಟ್ಟಿದ್ದಕ್ಕೇ ಬಂದಿರೋದು.’

ಇದು. ಇದನ್ನು ನಾನು ಯಾವತ್ತೂ ನೋಡಿರಲಿಲ್ಲ.
ಸೀಟಿಗೆ ಜಗಳವಾಡುವವರು
ಬಸ್ಸಿನ ನೆಲ ನೋಡುತ್ತಾರೆಯೇ?

ಆಮೇಲೆ ಬ್ಯಾಗಿನಲ್ಲಿ ಚಿಲ್ಲರೆ ಪಕ್ಕ
ಮೆತ್ತನೆ ಬ್ರಷ್ಷು, ಬಾಟಲಿ ತೊಳೆಯುವ ಬ್ರಷ್ಷಿನ
ಮೊಮ್ಮಗುವಿನಂಥದ್ದೊಂದು, ತಂತಿಯಡಿ ನುಸುಳಲಿಕ್ಕೆ.
ಬ್ರಷ್ಷು ಓರೆ ಮಾಡಿ, ವಸಡಿನ ಅಂಚಿಗೆ,
ಕೂಸಿನ ನೆತ್ತಿ ತೊಳೆಯುವಷ್ಟು ಹಗುರ.
ಅತ್ತೆ ಇದ್ದಿಲ ಪುಡಿ ತೋರಿಸಿದರು, ಕೈಮುಗಿದೆ.
ಕಾವೇರಿ ಬಾರದ ದಿನ ಕುಡಿಯುವ ನೀರಲ್ಲೇ ಉಪ್ಪು ಕದಡಿ ಮುಕ್ಕಳಿಸಿದ್ದೇನೆ.
ಗಾಂಧಿಬಜಾರಿನಲ್ಲಿ ಕಡಲೆಕಾಯಿ ರಾಶಿ ಕಂಡರೆ
ಮಾತ್ರ ಮುಖ ತಿರುಗಿಸುತ್ತೇನೆ:
ಹಲ್ಲೂ ಇದೆ, ಕಡಲೆಯೂ ಇದೆ,
ನಡುವೆ ಇನ್ನೂ ಹದಿಮೂರು ತಿಂಗಳು.

ಉಗುಳಿದೆ. ಬಿಳಿ ನೊರೆ.
ಅದರಲ್ಲೊಂದು ಎಳೆ ಕೆಂಪು, ಇದೆ,
ಮೊನ್ನೆಗಿಂತ ಸಣ್ಣದು. ದಾರದಷ್ಟು.

‘ಆಗಿಲ್ವೇನಮ್ಮ ಇನ್ನೂ?’
ಮುನಿಯಲ್ಲಪ್ಪ ಗೇಟಿನಿಂದ ಕೂಗುತ್ತಾನೆ.
ಬಾಯಲ್ಲಿ ಬ್ರಷ್ಷು, ಎರಡು ಬೆರಳೆತ್ತಿ ತೋರಿಸಿದೆ:
ತಡೀರಿ,
ಇನ್ನೂ ಎರಡು ಸ್ಟಾಪಿದೆ.